ಮೆನಿಫೋಲ್ಡಿನ ಪ್ಯಾಕಿಂಗ್ ಮತ್ತು ಲಗಮಣ್ಣನ ಚಾವಿ

ಎಣ್ಣೆ ಸೋರುವ ಎಂಜಿನ್ನಿನ ಕೆಳಗೆ ಒಂದು ಹಳೆಯ ತಗಡು ಇಟ್ಟು, ಕೈ ಒರೆಸಿಕೊಂಡು ಮನೆಗೆ ಹೋಗುವವನನ್ನು ನಾನು ಮೆಕ್ಯಾನಿಕ್ ಎನ್ನುವುದಿಲ್ಲ. ಅನ್ನುವವರು ಅನ್ನಲಿ. ಗ್ಯಾರೇಜು ಬಿಟ್ಟು ಮುಗಳಖೋಡದ ಮನೆಯಲ್ಲಿ ಬಂದು ಕುಳಿತ ಮೇಲೂ ನನ್ನ ಈ ಹಟ ಹೋಗಿಲ್ಲ. ಓಣಿಯಲ್ಲಿ ಯಾರಾದರೂ ಟ್ರ್ಯಾಕ್ಟರ್ ನಿಲ್ಲಿಸಿ ಚಹಾ ಕುಡಿಯಲು ಹೋದರೆ ಬಗ್ಗಿ ಕೆಳಗೆ ನೋಡುತ್ತೇನೆ. ಹನಿ ಬಿದ್ದಿದ್ದರೆ ಅವರು ಬರುವವರೆಗೂ ಅಲ್ಲೇ ನಿಂತಿರುತ್ತೇನೆ. ಮೊನ್ನೆ ಒಬ್ಬ ಹಲ್ಲು ಕಿರಿಯುತ್ತ ಹೇಳಿದ: “ಕಾಕಾ, ಜೀವ ಇದ್ದದ್ದು ಬೆವರ್ತೈತ್ರಿ. ಎಂಜಿನ್ನೂ ಹಂಗ.” ಬೆವರಂತೆ ಬೆವರು! ಅವನ ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ.

ಇದನ್ನು ಬರೆಯುತ್ತಿರುವುದು ಈಗ ಕೆಲಸಕ್ಕೆ ಸೇರುತ್ತಿರುವವರಿಗಾಗಿ. ಆಗಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆಗಿನ ಕಾಲದಲ್ಲಿ ಅರ್ಧ ಕೆಲಸ ಅಂದಾಜಿನ ಮೇಲೆ ನಡೆಯುತ್ತಿತ್ತು, ಉಳಿದರ್ಧ ಬೈಗುಳದ ಮೇಲೆ. ನಿಮಗೆ ಬೋಲ್ಟ್ ಎಷ್ಟು ಬಿಗಿಯಾಯಿತು ಎಂದು ತೋರಿಸುವ ಪಾನಾ, ಅಂದರೆ ಸ್ಪ್ಯಾನರು, ಇದೆ, ಎಂಜಿನ್ನಿನ ಕಾಯಿಲೆಯನ್ನು ತೆರೆಯ ಮೇಲೆ ಬರೆದು ತೋರಿಸುವ ಯಂತ್ರ ಇದೆ. ಚೆನ್ನಾಗಿ ಬಳಸಿರಿ. ಆದರೆ ಯಂತ್ರ ಹೇಳದ ಒಂದು ಮಾತು ನನ್ನ ಹತ್ತಿರ ಇದೆ, ಅದಕ್ಕಾಗಿ ಇಷ್ಟು ಉದ್ದ ಬರೆಯಬೇಕಾಗಿದೆ.

ಎಂಜಿನ್ನು ಉಸಿರೆಳೆದುಕೊಳ್ಳುವ ಕೊಳವೆಗೆ ಮೆನಿಫೋಲ್ಡ್ ಎನ್ನುತ್ತಾರೆ. ಫಿಲ್ಟರಿನಲ್ಲಿ ಸೋಸಿದ ಗಾಳಿ ಇದರಿಂದಲೇ ಎಂಜಿನ್ನಿನ ಹೆಡ್ಡಿನೊಳಗೆ ಹೋಗುತ್ತದೆ. ಹೆಡ್ಡಿಗೂ ಮೆನಿಫೋಲ್ಡಿಗೂ ನಡುವೆ ಒಂದು ತೆಳು ಹಾಳೆ. ಪುಸ್ತಕದಲ್ಲಿ ಅದು ಗ್ಯಾಸ್ಕೆಟ್, ನಮ್ಮ ಬಾಯಲ್ಲಿ ಪ್ಯಾಕಿಂಗ್. ಅಷ್ಟು ಸಣ್ಣ ಹಾಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟಾಗ ಶಬ್ದವನ್ನೂ ಮಾಡುವುದಿಲ್ಲ. ಸಂದಿಯಿಂದ ಸೋಸದ ಗಾಳಿಯನ್ನು, ಗಾಳಿಯ ಜೊತೆ ಹೊಲದ ಮಣ್ಣನ್ನು ಒಳಗೆ ಬಿಡುತ್ತಾ ಕೂರುತ್ತದೆ.

ನಾನು ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ತಂಬಾಕಿನ ಲಾರಿಗಳು ಬರುತ್ತಿದ್ದ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಮಾಲಕರು ಅಂಗಡಿಯಿಂದ ಪ್ಯಾಕಿಂಗ್ ತರಿಸಿದ್ದನ್ನು ನಾನು ನೋಡಲೇ ಇಲ್ಲ. ಕೈಗೆ ಸಿಕ್ಕ ರಟ್ಟನ್ನು ಮೆನಿಫೋಲ್ಡಿನ ಮುಖದ ಮೇಲಿಟ್ಟು, ಅಂಚಿನ ಗುಂಟ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕತ್ತರಿಸುತ್ತಿದ್ದರು. ಕೈ ಚಳಕವೇನೋ ಇತ್ತು, ರಟ್ಟಿನದ್ದೇ ತಾಪತ್ರಯ. ಒಮ್ಮೆ ಒಂದು ಲಾರಿ ಕೆಮ್ಮುತ್ತ ವಾಪಸು ಬಂತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಮದುವೆಯ ಪತ್ರಿಕೆ. ವರನ ಹೆಸರು ಪೂರ್ತಿ ಸುಟ್ಟಿತ್ತು, ವಧುವಿನ ಹೆಸರು ಅರ್ಧ ಉಳಿದಿತ್ತು. ಲಾರಿಯ ಡ್ರೈವರ್ ಅದನ್ನು ಕೈಯಲ್ಲಿ ಹಿಡಿದು, “ಅಯ್ಯ ಪಾಪ, ಇವರ ಸಂಸಾರ ಹ್ಯಾಂಗ ನಡದೈತ್ಯೋ ಏನೋ!” ಎಂದು ಮರುಗಿದ. ಮಾಲಕರು ಮಾತ್ರ ನಗಲಿಲ್ಲ. ಮತ್ತೊಂದು ಪತ್ರಿಕೆ ಹುಡುಕಲು ಒಳಗೆ ಹೋದರು.

ಅದೇ ಮಾಲಕರು ಇನ್ನೊಂದು ಸಲ, ನಟ್ಟು ಒಳಗೆ ಬೀಳದಿರಲೆಂದು ಹೆಡ್ಡಿನ ತೂತಿಗೆ ಬಟ್ಟೆ ತುರುಕಿ, ಅದನ್ನು ತೆಗೆಯದೆಯೇ ಮೆನಿಫೋಲ್ಡ್ ಕಟ್ಟಿಬಿಟ್ಟರು. ಎಂಜಿನ್ನು ಶುರು ಮಾಡಿದರೆ ಒಂದು ಸಿಲಿಂಡರು ಸತ್ತಂತಿತ್ತು. ಡೀಸೆಲ್ ಪಂಪಿನದೇ ದೋಷವೆಂದು ಪಂಪ್ ಬಿಚ್ಚಿದ್ದಾಯಿತು, ಡ್ರೈವರನನ್ನು ಬೈದದ್ದಾಯಿತು. ಸಂಜೆಯ ಹೊತ್ತಿಗೆ ಸೈಲೆನ್ಸರಿನಿಂದ ಅವರದೇ ಟಾವೆಲ್ಲಿನ ಸುಟ್ಟ ಅಂಚು ಹೊರಗೆ ಬಂತು. ಅಂದಿನಿಂದ ನಾನು ತೂತಿಗೆ ಇಡುವ ಬಟ್ಟೆಗೆ ಮೊಳದುದ್ದದ ಕೆಂಪು ದಾರ ಕಟ್ಟುತ್ತೇನೆ. ನೀವೂ ಕಟ್ಟಿರಿ, ನಗುವವರು ನಗಲಿ.

ನಿಪ್ಪಾಣಿ ಬಿಟ್ಟು ನಾನು ಕಾಗವಾಡದ ಕಡೆ ಬಂದೆ, ದತ್ತು ದಾದಾ ಅವರ ಗ್ಯಾರೇಜಿಗೆ. ಕಬ್ಬಿನ ಸೀಮೆ. ಎಲ್ಲಿ ನೋಡಿದರೂ ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ದಾದಾ ಅವರಂಥ ಉಸ್ತಾದ್ ಸಿಗುವುದು ಪುಣ್ಯ. ರಸ್ತೆಯಲ್ಲಿ ಹೋಗುತ್ತಿರುವ ಟ್ರ್ಯಾಕ್ಟರಿನ ಸದ್ದು ಕೇಳಿ, “ಮೂರನೇ ವಾಲ್ವ್ ಸಡ್ಲಾಗೈತಿ” ಎಂದುಬಿಡುತ್ತಿದ್ದರು, ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ನನಗೆ ಅವರ ಮೇಲೆ ಭಕ್ತಿ ಇತ್ತು, ಈಗಲೂ ಇದೆ. ಆದರೆ ಪ್ಯಾಕಿಂಗಿನ ವಿಷಯದಲ್ಲಿ ಅವರದು ಒಂದೇ ಮಂತ್ರ: “ಪೇಸ್ಟ್ ದಪ್ಪಗ ಬಡೀಲೇ ಪರಸೂ, ಪಾನಾಕ್ಕ ಪೈಪ್ ಹಾಕಿ ಜಗ್ಗು.” ಸೋರುವ ಯಾವುದಕ್ಕೂ ಸಂದಿ ಮುಚ್ಚುವ ಅಂಟು ಪೇಸ್ಟ್ ಬಳಿದು, ಪಾನಾದ ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ, ಇದ್ದ ಬಲವನ್ನೆಲ್ಲ ಹಾಕಿ ಬಿಗಿಯುವುದು. ಅದೂ ತುದಿಯ ಬೋಲ್ಟುಗಳನ್ನು ಮೊದಲು. ತುದಿಗಳು ಮೊದಲು ಬಿಗಿದರೆ ಮೆನಿಫೋಲ್ಡ್ ಸಣ್ಣಗೆ ಬಾಗುತ್ತದೆ. ನಾನು ಒಂದೆರಡು ಸಲ ಬಾಯಿ ಬಿಟ್ಟಿದ್ದೆ. “ನೀ ನನಗ ಕಲಸ್ತೀ ಏನಲೇ?” ಎಂದರು. ಪೈಪು ಎತ್ತಿಕೊಟ್ಟೆ.

ಶೇಡಬಾಳದ ಸುಮತಿ ಕಾಕು ಅವರ ಟ್ರ್ಯಾಕ್ಟರು ಬಂದದ್ದು ಅದೇ ದಿನಗಳಲ್ಲಿ. ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ; ಇವರು ಜೈನರ ದೊಡ್ಡ ಒಕ್ಕಲುತನದ ಮನೆಯವರು. ಗಂಡ ತೀರಿದ ಮೇಲೆ ಕಬ್ಬು, ಕೂಲಿ, ಸಾಗಣೆ ಎಲ್ಲವನ್ನೂ ತಾವೇ ನಿಂತು ನಡೆಸುತ್ತಿದ್ದರು. ಮಾತು ಕಡಿಮೆ, ಆಡಿದ ಮಾತು ಕಲ್ಲು. ಅವರ ಡ್ರೈವರ್ ಲಗಮಣ್ಣ. ಅಪ್ಪ ಕೊಯ್ತಾ ಹಿಡಿದು ಕಬ್ಬು ಕಡಿದವನು, ಮಗ ತನ್ನ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲಿಗ. ಆ ಟ್ರ್ಯಾಕ್ಟರನ್ನು ದನ ಮೀಯಿಸಿದ ಹಾಗೆ ತೊಳೆಯುತ್ತಿದ್ದ, ಅದರ ಜೊತೆ ಮಾತನಾಡುತ್ತಿದ್ದ. ಸಕ್ಕರೆ ಕಾರ್ಖಾನೆ ಶುರುವಾಗುವ ಮೊದಲು ಕಾಕು ಎಂಜಿನ್ನಿಗೆ ಸಿಲಿಂಡರಿನ ಹೊಸ ಲೈನರು, ಪಿಸ್ಟನ್ನಿನ ಹೊಸ ರಿಂಗು ಎಲ್ಲ ಹಾಕಿಸಿದರು. ಕೆಲಸದ ಹೆಚ್ಚು ಪಾಲು ದಾದಾ ಅವರದೇ, ಮೆನಿಫೋಲ್ಡ್ ಕಟ್ಟಿದ್ದಂತೂ ಪೂರ್ತಿ ಅವರೇ.

ಎಂಜಿನ್ ಕೆಲಸ ಆದ ಗಾಡಿಯನ್ನು ನಮ್ಮ ಕಡೆ ಮಂಗಸೂಳಿಯ ಮಲ್ಲಯ್ಯನಿಗೆ ತೋರಿಸಿಕೊಂಡು ಬರುವವರು ಬಹಳ. ಲಗಮಣ್ಣನ ಮನೆದೇವರೇ ಅವನು. ಕಾಕು ಅವರ ಅಪ್ಪಣೆ ಕೇಳಿ ಟ್ರ್ಯಾಕ್ಟರನ್ನು ಒಯ್ದ. ಅಲ್ಲಿ ಭಂಡಾರ, ಅಂದರೆ ಅರಿಶಿನದ ಪುಡಿ, ಚಿಟಿಕೆಯಲ್ಲಿ ಹಚ್ಚುವ ವಸ್ತುವಲ್ಲ, ಮುಷ್ಟಿಯಲ್ಲಿ ತೂರುವುದು. ಎಂಜಿನ್ ಚಾಲೂ ಇಟ್ಟು, ಬಾನೆಟ್ ಎತ್ತಿ, ಕೈ ತುಂಬ ತೂರಿದ್ದಾನೆ. ಬರುವಾಗ ಟ್ರ್ಯಾಕ್ಟರೂ ಅವನೂ ಒಂದೇ ಬಣ್ಣ.

ಕಾರ್ಖಾನೆ ಶುರುವಾಗಿ ಕೆಲವೇ ವಾರಗಳಲ್ಲಿ ಎಂಜಿನ್ ಎಣ್ಣೆ ಬಿಡಲಾರಂಭಿಸಿತು. ಮೊದಲು ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನಿಂದ, ಆಮೇಲೆ ಕೆಳಗೆ ಕ್ರ್ಯಾಂಕಿನ ಹಿಂದಿನ ಸೀಲಿನಿಂದ. ಕವರಿನ ಪ್ಯಾಕಿಂಗ್ ಬದಲಿಸಿದೆವು, ಸೀಲ್ ಬದಲಿಸಿದೆವು. ಮತ್ತೆ ಸೋರಿತು. ಇಲ್ಲಿ ಒಂದು ಪಾಠ ಹೇಳಿಬಿಡುತ್ತೇನೆ. ಎಣ್ಣೆ ಕಾಣುವುದು ಕೆಳಗೆ, ಹೊರಡುವುದು ಮೇಲೆ. ಎಂಜಿನ್ನನ್ನು ಡೀಸೆಲಿನಿಂದ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ ಓಡಿಸಿರಿ. ಎಣ್ಣೆ ಎಲ್ಲಿಂದ ಹೊರಟಿತೋ ಅಲ್ಲಿಂದ ಗೆರೆ ಎಳೆದು ತೋರಿಸುತ್ತದೆ. ನಾನು ಹಾಗೆ ಮಾಡಿದೆ. ಒಂದು ಕಡೆಯಿಂದಲ್ಲ, ಸಂದಿ ಇದ್ದಲ್ಲೆಲ್ಲ ಎಣ್ಣೆ ಹೊರಟಿತ್ತು. ಎಂಜಿನ್ನಿನ ಹೊಟ್ಟೆಯ ಗಾಳಿ ಹೊರಗೆ ಬಿಡುವ ಬ್ರೀದರ್ ನಳಿಗೆಯಿಂದ ಹೊಗೆ ದಬದಬ ಬರುತ್ತಿತ್ತು. ಸೀಲುಗಳದ್ದು ಏನೂ ತಪ್ಪಿರಲಿಲ್ಲ. ಹೊಸ ರಿಂಗುಗಳು ಆಗಲೇ ಸವೆದು, ಸುಟ್ಟ ಗಾಳಿ ಕೆಳಗಿಳಿದು, ಎಣ್ಣೆಯನ್ನು ಹೊರಗೆ ದೂಡುತ್ತಿತ್ತು. ಹೊಸ ರಿಂಗು ಇಷ್ಟು ಬೇಗ ಸವೆಯಬೇಕಾದರೆ ಒಳಗೆ ಮಣ್ಣು ಹೋಗಿರಬೇಕು.

ಮಣ್ಣು ಎಲ್ಲಿಂದ ಹೋಯಿತು? ದಾದಾ ಫಿಲ್ಟರಿನ ಕೆಳಗಿನ ಎಣ್ಣೆಯ ಬಟ್ಟಲು ಬಿಚ್ಚಿದರು. ಒಳಗೆ ಹಳದಿ ರಾಡಿ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಬಟ್ಟಲನ್ನು ಹಾಗೆಯೇ ಶೇಡಬಾಳಕ್ಕೆ ಒಯ್ದರು. ನಾನೂ ಜೊತೆಗಿದ್ದೆ. ಕಾಕು ಅವರ ಅಂಗಳದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರೆಲ್ಲ ಸೇರಿದ್ದರು.

“ನೋಡ್ರಿ ಕಾಕು, ನಿಮ್ಮ ಡ್ರೈವರನ ಭಕ್ತಿ” ಎಂದರು ದಾದಾ. “ಭಂಡಾರ ತೂರಿ ತೂರಿ ಎಂಜಿನ್ ತಿಂದಾನ. ಫಿಲ್ಟರ್ ತುಂಬ ಅರಿಷಿಣ.”

ಕಾಕು ಬಟ್ಟಲನ್ನು ನೋಡಿದರು, ಲಗಮಣ್ಣನನ್ನು ನೋಡಿದರು. ಕೈ ಚಾಚಿದರು.

“ಚಾವಿ ಕೊಡು.”

“ಕಾಕು, ನಾ...”

“ಚಾವಿ ಕೊಡು ಅಂದೆ.”

ಅಷ್ಟು ಜನರ ಮುಂದೆ ಅವನು ಸೊಂಟದಿಂದ ಚಾವಿ ಬಿಚ್ಚಿ ಕೊಟ್ಟ. ಕಬ್ಬಿನ ಹಂಗಾಮಿನಲ್ಲಿ ಮಾತು ಟ್ರ್ಯಾಕ್ಟರಿಗಿಂತ ಜೋರಾಗಿ ಓಡುತ್ತದೆ. ಕಾರ್ಖಾನೆಯ ಪಾಳಿಯಲ್ಲಿ ನಿಂತ ಡ್ರೈವರುಗಳೆಲ್ಲ ಎರಡೇ ದಿನದಲ್ಲಿ ಅವನಿಗೆ ‘ಎಂಜಿನ್ ತಿಂದವ’ ಎಂದು ಹೆಸರಿಟ್ಟರು. ಅಥಣಿಯಲ್ಲಿ ಕೇಳಿದ, ರಾಯಬಾಗದಲ್ಲಿ ಕೇಳಿದ, ಯಾರೂ ಸ್ಟೇರಿಂಗ್ ಕೊಡಲಿಲ್ಲ. ಕೊನೆಗೆ ಕಾಕು ಅವರದೇ ಹೊಲದಲ್ಲಿ ಗ್ಯಾಂಗಿನವರ ಜೊತೆ ಕೊಯ್ತಾ ಹಿಡಿದು ನಿಂತ.

ಒಂದು ಮಧ್ಯಾಹ್ನ ಗ್ಯಾರೇಜಿಗೆ ಬಂದ. ದಾದಾ ಊಟಕ್ಕೆ ಹೋಗಿದ್ದರು, ಕಾಕು ಅವರ ಟ್ರ್ಯಾಕ್ಟರು ಇನ್ನೂ ನಮ್ಮಲ್ಲೇ ನಿಂತಿತ್ತು. ಅಂಗೈ ತುಂಬ ಬೊಬ್ಬೆ.

“ಪರಸಣ್ಣ, ನೌಕರಿ ಹೋತಂತ ನಾ ಅಳಾಂಗಿಲ್ಲ. ಖರೆ ಹೇಳು. ನಮ್ಮ ಮಲ್ಲಯ್ಯನ ಭಂಡಾರ ಎಂಜಿನ್ ಕೊಂದೈತೇನು? ಹೌದಂದ್ರ ಹೌದಂದಬಿಡು. ನಾ ಮತ್ತ ಜಲಮದಾಗ ಸ್ಟೇರಿಂಗ್ ಮುಟ್ಟಾಂಗಿಲ್ಲ, ಗುಡಿ ಮೆಟ್ಲಾನೂ ಹತ್ತಾಂಗಿಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಿತ್ತು ಇವನ ಕಥೆ. “ಗುಡಿ ವಿಚಾರ ಆಮ್ಯಾಲ. ಮೊದಲ ಎಂಜಿನ್ನಿನ ವಿಚಾರ ನೋಡೋಣು, ಕುಂದರು” ಎಂದೆ.

ಫಿಲ್ಟರಿನ ಬಟ್ಟಲಿನಲ್ಲಿ ಹಳದಿ ಇದ್ದದ್ದು ನಿಜ. ಆದರೆ ಧೂಳು ಹಿಡಿಯುವುದೇ ಆ ಬಟ್ಟಲಿನ ಕೆಲಸ. ಹಿಡಿದದ್ದನ್ನು ತೋರಿಸಿ, ಎಂಜಿನ್ನಿನೊಳಗೆ ಬಿಟ್ಟಿತು ಎಂದರೆ ಹೇಗೆ? ಬಟ್ಟಲಿನ ಆಚೆಗಿನ ರಬ್ಬರ್ ನಳಿಗೆಯನ್ನು ಕಳಚಿ ಬಿಳಿ ಬಟ್ಟೆ ತೂರಿಸಿ ಒರೆಸಿದೆ. ಬಟ್ಟೆಗೆ ಹಳದಿಯ ಸುಳಿವೂ ಇಲ್ಲ, ಮಣ್ಣೂ ಇಲ್ಲ. ನಳಿಗೆಯನ್ನು ಮತ್ತೆ ಕೂಡಿಸಿ, ಎಂಜಿನ್ ಚಾಲೂ ಮಾಡಿ, ಲಗಮಣ್ಣನಿಗೆ ಫಿಲ್ಟರಿನ ಬಾಯಿಯನ್ನು ಅಂಗೈಯಿಂದ ಅರ್ಧ ಮುಚ್ಚಲು ಹೇಳಿದೆ. ಹಾಗೆ ಮಾಡಿದರೆ ಎಂಜಿನ್ನು ಉಸಿರಿಗಾಗಿ ಜೋರಾಗಿ ಎಳೆಯುತ್ತದೆ, ಸಂದಿ ಇದ್ದರೆ ಸಿಕ್ಕಿಬೀಳುತ್ತದೆ. ಊದಿನಕಡ್ಡಿ ಹೊತ್ತಿಸಿ ಮೆನಿಫೋಲ್ಡಿನ ಗುಂಟ ಮೆಲ್ಲಗೆ ಸರಿಸಿದೆ. ಮೊದಲ ಮೂರು ಜೋಡಣೆಗಳಲ್ಲಿ ಹೊಗೆ ತನ್ನ ಪಾಡಿಗೆ ಮೇಲೆ ಹೋಯಿತು. ನಾಲ್ಕನೆಯದರ ಹತ್ತಿರ ಹೊಗೆ ಮಡಚಿಕೊಂಡು ಒಳಗೆ ಹೋಯಿತು.

“ಏನ್ ನಡಸೀರಿ?” ಬಾಗಿಲಲ್ಲಿ ದಾದಾ.

ಊದಿನಕಡ್ಡಿಯನ್ನು ಮತ್ತೆ ಅದೇ ಜಾಗಕ್ಕೆ ಹಿಡಿದೆ. ಅವರು ನೋಡಿದರು. ನೋಡಿದವರೇ ಮುಖ ತಿರುಗಿಸಿದರು.

“ಗಾಳಿಗೆ ಹೊಗಿ ಹೊಯ್ದಾಡ್ತೈತಿ. ಬಂದ್ ಮಾಡು.”

“ಮೆನಿಫೋಲ್ಡ್ ಬಿಚ್ಚತೀನ್ರಿ ದಾದಾ.”

“ನಾ ಕಟ್ಟಿದ್ದನ್ನ ನೀ ಬಿಚ್ಚಾಂವ?”

“ಹೌದ್ರಿ.”

“ಬಿಚ್ಚಿದ್ರ ನಾಳಿಂದ ಈ ಗ್ಯಾರೇಜಿಗೆ ಬರಬ್ಯಾಡ.”

ಆದರೂ ಬಿಚ್ಚಿದೆ. ಪಾನಾ ಹಾಕಿದಾಗ ತುದಿಯ ಬೋಲ್ಟು ಕಿರುಚಿತು, ಅಷ್ಟು ಬಿಗಿ. ಅದರ ಪಕ್ಕದ ಬೋಲ್ಟು ಬೆರಳಿಗೇ ತಿರುಗಿತು. ಪ್ಯಾಕಿಂಗಿನ ಮೇಲೆ ಪೇಸ್ಟು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ನಾಲ್ಕನೆಯ ತೂತಿನ ಹತ್ತಿರ, ಆ ಪೇಸ್ಟಿನ ನಡುವೆ ಹೊರಗಿನಿಂದ ಒಳಗಿನವರೆಗೆ ಒಂದು ಗೆರೆ. ತಳದಲ್ಲಿ ಶುದ್ಧ ಅರಿಶಿನ, ಅದರ ಮೇಲೆ ಹೊಲದ ಕರಿಮಣ್ಣು. ಒಳಗೆ ಆ ಒಂದು ತೂತಿಗೆ ಮಾತ್ರ ಹಳದಿ ಬಣ್ಣ, ಉಳಿದ ಮೂರಕ್ಕೆ ಇಲ್ಲ. ಸ್ಟೀಲಿನ ಪಟ್ಟಿಯನ್ನು ಮೆನಿಫೋಲ್ಡಿನ ಮುಖಕ್ಕೆ ಅಡ್ಡ ಹಿಡಿದೆ. ಪಟ್ಟಿಯ ಕೆಳಗಿಂದ ಬೆಳಕು ಕಂಡಿತು, ಮುಖ ಬಾಗಿತ್ತು.

“ದಾದಾ, ಭಂಡಾರ ಬಿದ್ದದ್ದು ಒಂದ ದಿನ. ಮಣ್ಣು ಬಿದ್ದದ್ದು ದಿನಾ. ಎರಡೂ ಹೋದದ್ದು ಈ ಸಂದ್ಯಾಗಿಂದ. ಮಲ್ಲಯ್ಯ ಎಂಜಿನ್ ಕೊಂದಿಲ್ರಿ, ಎಲ್ಲಿ ತೂತೈತಿ ಅಂತ ಗೆರಿ ಕೊರದ ತೋರ್ಸ್ಯಾನ.”

ಲಗಮಣ್ಣ ಗೋಡೆಗೆ ತಲೆ ಆನಿಸಿ ಗೊಳೋ ಎಂದು ಅತ್ತ. ದಾದಾ ಮೋಟರ್ ಸೈಕಲ್ ಹತ್ತಿ ಹೊರಟುಹೋದರು.

ಅದೇ ಸಂಜೆ ಪ್ಯಾಕಿಂಗನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶೇಡಬಾಳಕ್ಕೆ ಹೋದೆ. ಕಾಕು ಪೂರ್ತಿ ಕೇಳಿದರು. ಆಮೇಲೆ ಅಂದರು: “ಪರಸಪ್ಪಾ, ನೀ ಸುಳ್ಳ ಹೇಳಾವಲ್ಲ. ಖರೆ, ನಮ್ಮ ಮನ್ಯಾಗ ಇಪ್ಪತ್ತು ವರ್ಷದಿಂದ ಗಾಡಿ ನೋಡಾವ ದತ್ತು. ಅಂವ ಹೇಳಿದ ಮಾತಿನ ಮ್ಯಾಲ ನಾ ಚಾವಿ ತಗೊಂಡೀನಿ. ತಪ್ಪಿದ್ರ ಅಂವನ ಬಂದ ಹೇಳಲಿ. ಚೇಲಾ ಬಂದು ಉಸ್ತಾದನ ಮ್ಯಾಲ ಹೇಳಿದ್ರ ನಾ ಹ್ಯಾಂಗ ನಂಬಲಿ?”

ಸಿಟ್ಟು ಬಂತು. ಆದರೆ ಹೆಣ್ಣುಮಗಳ ಮಾತು ತೂಕದ್ದೇ ಆಗಿತ್ತು. ಅಂದರೆ ಲಗಮಣ್ಣನ ಚಾವಿ ಈಗ ದಾದಾ ಅವರ ನಾಲಿಗೆಯ ಮೇಲೆ ನಿಂತಿತ್ತು. ಆ ನಾಲಿಗೆ ತಪ್ಪೊಪ್ಪಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮರುದಿನ ಬರಬೇಡ ಎಂದಿದ್ದರೂ ಹೋದೆ. ಎಂದಿನ ಹೊತ್ತಿಗೇ ಹೋದೆ. ಬೈದು ಅಟ್ಟಿದರೆ ಹೊರಗೆ ಕಟ್ಟೆಯ ಮೇಲೆ ಕೂರುವುದು, ಕೂತು ಅವರ ಕಣ್ಣಿಗೆ ಬೀಳುತ್ತಲೇ ಇರುವುದು ಎಂದು ನಿಶ್ಚಯಿಸಿಕೊಂಡಿದ್ದೆ. ದಾದಾ ನನ್ನನ್ನು ನೋಡಿ, ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಎಂಜಿನ್ ಬಿಚ್ಚುತ್ತಿದ್ದರು. ನಾನು ಎದುರಿಗೆ ಕುಳಿತು ಕೈ ಹಚ್ಚಿದೆ. ಲೈನರು, ರಿಂಗು ಎಲ್ಲ ಮತ್ತೆ ಹೊಸದು. ಬಾಗಿದ ಮೆನಿಫೋಲ್ಡನ್ನು ಚಿಕ್ಕೋಡಿಯ ಲೇಥಿಗೆ ಒಯ್ದು ಮುಖ ಸಪಾಟು ಮಾಡಿಸಿಕೊಂಡು ಬಂದರು. ಹೆಡ್ಡಿನ ಮೇಲಿನ ಹಳೆಯ ಪೇಸ್ಟನ್ನು ಕೆರೆದು ತೆಗೆದರು. ಅಂಗಡಿಯ ಪ್ಯಾಕಿಂಗ್ ಒಣದಾಗಿಯೇ ಇಟ್ಟರು. ನಡುವಿನ ಬೋಲ್ಟಿನಿಂದ ಶುರು ಮಾಡಿ, ಆ ಕಡೆಯದೊಂದು ಈ ಕಡೆಯದೊಂದು ಎಂದು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ತುದಿಗೆ ಹೋದರು. ಪೈಪು ಮೂಲೆಯಲ್ಲಿ ಬಿದ್ದಿತ್ತು. ನಾನು ಇಷ್ಟು ವರ್ಷ ಹೇಳಬೇಕೆಂದಿದ್ದ ಎಲ್ಲವನ್ನೂ ಅವರ ಕೈ ಮಾಡುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ.

ನಾನು ಬಿಡಲಿಲ್ಲ. ದಿನಕ್ಕೊಮ್ಮೆ ಕೇಳಿದೆ: “ದಾದಾ, ಕಾಕುಗೆ ಹೇಳ್ತೀರಿಲ್ಲೋ?” ಅವರು ದಿನಕ್ಕೊಮ್ಮೆ ಅಂದರು: “ಆ ಪಾನಾ ಕೊಡು.”

ಟ್ರ್ಯಾಕ್ಟರು ಸಿದ್ಧವಾಯಿತು. ಬೆಳಿಗ್ಗೆ ದಾದಾ ತಾವೇ ಓಡಿಸಿದರು, ನಾನು ಮಡ್‌ಗಾರ್ಡಿನ ಮೇಲೆ ಕುಳಿತೆ. ಕಾಕು ಅವರ ಅಂಗಳದಲ್ಲಿ ಗ್ಯಾಂಗಿನವರು ಹೊಲಕ್ಕೆ ಹೊರಟು ನಿಂತಿದ್ದರು, ಅವರ ನಡುವೆ ಕೊಯ್ತಾ ಹಿಡಿದು ಲಗಮಣ್ಣ. ಮಿರಜದ ಕಡೆಯಿಂದ ಕರೆಸಿದ್ದ ಹೊಸ ಡ್ರೈವರ್ ಮುಂದೆ ಬಂದು, “ದ್ಯಾ ಚಾವಿ, ದಾದಾ” ಎಂದು ಮರಾಠಿಯಲ್ಲಿ ಕೈ ಚಾಚಿದ. ದಾದಾ ಎಂಜಿನ್ ಬಂದ್ ಮಾಡಿ, ಚಾವಿ ತೆಗೆದು, ಮುಷ್ಟಿ ಬಿಗಿ ಹಿಡಿದರು. ಕೆಳಗಿಳಿದು ಕಾಕು ಅವರು ನಿಂತಿದ್ದ ಮೆಟ್ಟಿಲಿನ ಹತ್ತಿರ ಹೋದರು. ಅವರ ಕುತ್ತಿಗೆಯ ನರ ಉಬ್ಬಿತ್ತು.

“ಕಾಕು, ಅವತ್ತ ಈ ಅಂಗಳದಾಗ ನಿಂತು ಒಂದ ಮಾತ ಆಡಿದ್ನಿ. ಅದು ಸುಳ್ಳರಿ. ಪ್ಯಾಕಿಂಗ್ ನಾ ಕೆಟ್ಟ ಕಟ್ಟಿದ್ನಿ. ಮಣ್ಣು ಅಲ್ಲಿಂದ ಹೋಗೈತಿ. ಲಗಮಣ್ಣಂದು ತಪ್ಪಿಲ್ಲ, ಅಂವನ ದೇವರದೂ ತಪ್ಪಿಲ್ಲ. ತಪ್ಪು ನಂದ.”

ದಾದಾ ಲಗಮಣ್ಣನ ಕಡೆ ತಿರುಗಿ ಚಾವಿ ಹಿಡಿದ ಕೈ ಮುಂದೆ ಮಾಡಿದರು.

“ದತ್ತು, ತಾ ಇಲ್ಲಿ” ಎಂದರು ಕಾಕು. “ಎಲ್ಲಾರ ಮುಂದ ತಗೊಂಡಾಕಿ ನಾ. ಕೊಡಾಕಿನೂ ನಾನ.”

ಮೊಣಕಾಲು ನೋವಿನ ಹೆಣ್ಣುಮಗಳು, ಒಂದೊಂದೇ ಮೆಟ್ಟಿಲು ಇಳಿದು ಅಂಗಳದ ನಡುವಿಗೆ ಬಂದರು. ಲಗಮಣ್ಣ ಕೊಯ್ತಾ ಕೆಳಗಿಟ್ಟ. ಚಾವಿಯನ್ನು ಅವನ ಬೊಬ್ಬೆ ಎದ್ದ ಅಂಗೈಯಲ್ಲಿಟ್ಟು, ಕಾಕು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಮುಚ್ಚಿದರು. ಏನೋ ಹೇಳಲು ಬಾಯಿ ತೆರೆದರು. ದಾದಾ ಎಲ್ಲರೆದುರಿಗೇ ಕಣ್ಣು ಒರೆಸಿಕೊಂಡರು.

“ಏನೂ ಅನಬ್ಯಾಡ್ರಿ ಕಾಕು” ಎಂದ ಲಗಮಣ್ಣ. “ಕಡದ ಕಬ್ಬು ಹೊಲದಾಗ ಒಣಗಾಕತ್ತೈತಿ.”

ಹೇಳಿ ಸೀಟಿನ ಮೇಲೆ ಹತ್ತಿದ.